ವೋಲ್ಟೇಜ್ ಡಿವೈಡರ್: ಸೂತ್ರದೊಳಗೆ ಅಡಗಿರುವ ಷರತ್ತು

ಎರಡು ರೆಸಿಸ್ಟರ್‌ಗಳನ್ನು ಸರಣಿಯಲ್ಲಿ ಸೇರಿಸಿ, ಹೊರಗಿನ ಎರಡು ತುದಿಗಳನ್ನು ಬ್ಯಾಟರಿಗೆ ಕೊಟ್ಟು, ಅವು ಕೂಡುವ ಜಾಗದಿಂದ ಒಂದು ತಂತಿ ಎಳೆದರೆ ವೋಲ್ಟೇಜ್ ಡಿವೈಡರ್ ಸಿದ್ಧ. ಪಠ್ಯಪುಸ್ತಕದ ಮಾತಿನಲ್ಲಿ ಇದು ವಿಭವ ವಿಭಾಜಕ. ಸೂತ್ರವೂ ಒಂದೇ ಸಾಲಿನದು, ಐದು ನಿಮಿಷದಲ್ಲಿ ಬಾಯಿಪಾಠವಾಗುತ್ತದೆ. ಆದರೂ ಪ್ರಯೋಗಾಲಯದಲ್ಲಿ ಲೆಕ್ಕ 3 ವೋಲ್ಟ್ ಎಂದರೆ ಮೀಟರ್ 1.8 ಎನ್ನುತ್ತದೆ, ಮೋಟಾರು ಜೋಡಿಸಿದರೆ ಅದು ಅಲ್ಲಾಡುವುದೇ ಇಲ್ಲ. ಇಲ್ಲಿ ಸೂತ್ರ ತಪ್ಪಿಲ್ಲ. ಅದಕ್ಕೊಂದು ಷರತ್ತಿದೆ: ನಡುವಿನ ಬಿಂದುವಿನಿಂದ ಯಾವ ಕರೆಂಟೂ ಹೊರಗೆ ಹೋಗಬಾರದು. ಈ ಷರತ್ತು ಯಾವಾಗ ಮುರಿಯುತ್ತದೆ, ಮುರಿದಾಗ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ಗೊತ್ತಾದರೆ ಡಿವೈಡರ್ ಪೂರ್ತಿ ಅರ್ಥವಾದಂತೆ.

ಸೂತ್ರ ಹುಟ್ಟುವ ಬಗೆ

ಬ್ಯಾಟರಿಯ ಪಾಸಿಟಿವ್ ಕಡೆಗಿರುವುದನ್ನು ಮೇಲಿನ ರೆಸಿಸ್ಟರ್ ಎಂದೂ ನೆಗೆಟಿವ್ ಕಡೆಗಿರುವುದನ್ನು ಕೆಳಗಿನ ರೆಸಿಸ್ಟರ್ ಎಂದೂ ಕರೆಯೋಣ. ಬ್ಯಾಟರಿ 9 ವೋಲ್ಟ್, ಮೇಲಿನದು 20 ಕಿಲೋ ಓಮ್, ಕೆಳಗಿನದು 10 ಕಿಲೋ ಓಮ್ ಇರಲಿ. ಈ ಲೇಖನದುದ್ದಕ್ಕೂ ಹೆಚ್ಚಾಗಿ ಇದೇ ಸರ್ಕ್ಯೂಟನ್ನು ಬಳಸುತ್ತೇವೆ.

ಮೇಲಿನ ರೆಸಿಸ್ಟರ್‌ನಲ್ಲಿ ಹರಿದ ಕರೆಂಟ್‌ಗೆ ಬೇರೆ ದಾರಿಯಿಲ್ಲ. ಅಷ್ಟೂ ಕೆಳಗಿನದರಲ್ಲೇ ಹರಿಯಬೇಕು. ಒಟ್ಟು ರೋಧ 30 ಕಿಲೋ ಓಮ್. 1827ರಲ್ಲಿ ಗೇಯಾರ್ಗ್ ಓಮ್ ಪ್ರಕಟಿಸಿದ ನಿಯಮದ ಪ್ರಕಾರ ಕರೆಂಟ್ 9 ÷ 30,000, ಅಂದರೆ 0.3 ಮಿಲಿಆಂಪಿಯರ್. ಇದನ್ನು ಕೆಳಗಿನ 10 ಕಿಲೋ ಓಮ್‌ನಿಂದ ಗುಣಿಸಿದರೆ 3 ವೋಲ್ಟ್, ಮೇಲಿನ 20 ಕಿಲೋ ಓಮ್‌ನಿಂದ ಗುಣಿಸಿದರೆ 6 ವೋಲ್ಟ್. ಎರಡನ್ನೂ ಕೂಡಿಸಿದರೆ ಬ್ಯಾಟರಿಯ 9 ವೋಲ್ಟ್ ಮರಳಿ ಬರುತ್ತದೆ. ಒಂದೇ ಸಾಲಿನಲ್ಲಿ ಬರೆದರೆ:

ಹೊರ ವೋಲ್ಟೇಜ್ = ಬ್ಯಾಟರಿ ವೋಲ್ಟೇಜ್ × ಕೆಳಗಿನ ರೋಧ ÷ (ಮೇಲಿನ ರೋಧ + ಕೆಳಗಿನ ರೋಧ)

ಅಂಶದಲ್ಲಿ ಮೇಲಿನದು ಬರಬೇಕೋ ಕೆಳಗಿನದೋ ಎಂದು ಪರೀಕ್ಷೆಯಲ್ಲಿ ಗೊಂದಲವಾದರೆ, ಕೆಳಗಿನ ರೆಸಿಸ್ಟರ್ ಜಾಗದಲ್ಲಿ ಬರೀ ತಂತಿ ಇದೆ ಎಂದು ಊಹಿಸಿಕೊಳ್ಳಿ. ಆಗ ನಡುಬಿಂದು ನೇರವಾಗಿ ನೆಗೆಟಿವ್ ತುದಿಗೇ ಸೇರುತ್ತದೆ, ಹೊರ ವೋಲ್ಟೇಜ್ ಸೊನ್ನೆ. ಕೆಳಗಿನ ರೋಧ ಸೊನ್ನೆಯಾದಾಗ ಉತ್ತರವೂ ಸೊನ್ನೆಯಾಗಬೇಕಾದರೆ ಅದು ಅಂಶದಲ್ಲೇ ಇರಬೇಕು.

ಹಲವರ ಮನಸ್ಸಿನಲ್ಲಿ ಕೂತಿರುವ ಒಂದು ಚಿತ್ರವನ್ನು ಇಲ್ಲೇ ಅಳಿಸಿಬಿಡಿ: ಮೊದಲ ರೆಸಿಸ್ಟರ್ ಸ್ವಲ್ಪ ಕರೆಂಟನ್ನು ತಿಂದುಹಾಕಿ ಉಳಿದದ್ದನ್ನು ಎರಡನೆಯದಕ್ಕೆ ಕಳಿಸುತ್ತದೆ ಎನ್ನುವುದು. ಕರೆಂಟ್ ಎಲ್ಲೂ ಖರ್ಚಾಗುವುದಿಲ್ಲ, ಎರಡರಲ್ಲೂ ಅದೇ 0.3 ಮಿಲಿಆಂಪಿಯರ್. ಹಂಚಿಹೋಗುವುದು ವಿಭವಾಂತರ, ಅಂದರೆ ವೋಲ್ಟೇಜ್ ಮಾತ್ರ, ಅದೂ ರೋಧಗಳ ಅನುಪಾತದಲ್ಲಿ. ಹಾಗಾಗಿ 20ಕ್ಕೆ 10 ಕಿಲೋ ಓಮ್ ಇರಲಿ, 200 ಓಮ್‌ಗೆ 100 ಓಮ್ ಇರಲಿ, 2 ಮೆಗಾ ಓಮ್‌ಗೆ 1 ಮೆಗಾ ಓಮ್ ಇರಲಿ, ಸೂತ್ರ ಹೇಳುವುದು 3 ವೋಲ್ಟ್ ಎಂದೇ. ಕಾಗದದ ಮೇಲೆ ಈ ಮೂರೂ ಒಂದೇ. ಮೇಜಿನ ಮೇಲೆ ಮೂರೂ ಬೇರೆ ಬೇರೆ.

ಜೋಡಿಸಿ ಅಳೆಯಿರಿ

ಬೇಕಾದದ್ದು: 9 ವೋಲ್ಟ್ ಬ್ಯಾಟರಿ ಮತ್ತು ಅದರ ಕ್ಲಿಪ್, ಬ್ರೆಡ್‌ಬೋರ್ಡ್, ಡಿಜಿಟಲ್ ಮಲ್ಟಿಮೀಟರ್, ಕಾಲು ವ್ಯಾಟ್‌ನ 10 ಕಿಲೋ ಓಮ್ ರೆಸಿಸ್ಟರ್ ನಾಲ್ಕು, 1 ಕಿಲೋ ಓಮ್‌ನದು ಒಂದು, 100 ಕಿಲೋ ಓಮ್‌ನದು ಒಂದು, 1 ಮೆಗಾ ಓಮ್‌ನವು ಎರಡು, 10 ಕಿಲೋ ಓಮ್ ಪೊಟೆನ್ಶಿಯೋಮೀಟರ್ (ಗುಂಡಿ ತಿರುಗಿಸಿ ರೋಧ ಬದಲಿಸುವ ಮೂರು ಕಾಲಿನ ಬಿಡಿಭಾಗ) ಒಂದು. 20 ಕಿಲೋ ಓಮ್ ಹುಡುಕಬೇಕಿಲ್ಲ, ಎರಡು 10 ಕಿಲೋ ಓಮ್‌ಗಳನ್ನು ಸರಣಿಯಲ್ಲಿ ಇಟ್ಟರಾಯಿತು.

1. ಬೋರ್ಡ್‌ಗೆ ಚುಚ್ಚುವ ಮೊದಲೇ ಪ್ರತಿ ರೆಸಿಸ್ಟರನ್ನೂ ಮೀಟರ್‌ನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. 10 ಕಿಲೋ ಓಮ್‌ನ ಪಟ್ಟಿಗಳು ಕಂದು, ಕಪ್ಪು, ಕಿತ್ತಳೆ. 1 ಕಿಲೋ ಓಮ್‌ನವು ಕಂದು, ಕಪ್ಪು, ಕೆಂಪು. ಮಂದ ಬೆಳಕಿನಲ್ಲಿ ಕಿತ್ತಳೆಗೂ ಕೆಂಪಿಗೂ ವ್ಯತ್ಯಾಸ ತಿಳಿಯದೆ ಎಡವುವುದು ಸಾಮಾನ್ಯ, ಅದಕ್ಕೇ ಅಳೆಯಬೇಕು. 1 ಮೆಗಾ ಓಮ್ ಅಳೆಯುವಾಗ ಎರಡೂ ಕಾಲುಗಳನ್ನು ಬೆರಳಿನಿಂದ ಹಿಡಿಯಬೇಡಿ; ಮೈಯ ರೋಧ ಸಮಾಂತರವಾಗಿ ಸೇರಿ ಅಳತೆ ಕಡಿಮೆ ಬರುತ್ತದೆ.

2. ಮೂರು 10 ಕಿಲೋ ಓಮ್‌ಗಳನ್ನು ಸರಣಿಯಲ್ಲಿ ಚುಚ್ಚಿ. ಒಂದೇ ರೆಸಿಸ್ಟರ್‌ನ ಎರಡು ಕಾಲುಗಳು ಬೋರ್ಡಿನ ಒಂದೇ ಸಾಲಿನ ಐದು ತೂತುಗಳಲ್ಲಿ ಬೀಳಬಾರದು. ಬಿದ್ದರೆ ಆ ರೆಸಿಸ್ಟರ್ ಇದ್ದೂ ಇಲ್ಲದಂತೆ.

3. ಬ್ಯಾಟರಿ ಜೋಡಿಸಿ, ಮೊದಲು ಬ್ಯಾಟರಿಯ ವೋಲ್ಟೇಜನ್ನೇ ಅಳೆಯಿರಿ. ಹೊಸ ಬ್ಯಾಟರಿ 9ಕ್ಕಿಂತ ಸ್ವಲ್ಪ ಹೆಚ್ಚು, ಹಳೆಯದು ಕಡಿಮೆ ತೋರಿಸುವುದು ಸಹಜ. ಲೆಕ್ಕಕ್ಕೆ ಅಳತೆಯಲ್ಲಿ ಬಂದ ಸಂಖ್ಯೆಯನ್ನೇ ಹಿಡಿಯಬೇಕು, ಬ್ಯಾಟರಿಯ ಮೇಲೆ ಅಚ್ಚಾಗಿರುವುದನ್ನಲ್ಲ.

4. ಮೀಟರ್‌ನ ಕಪ್ಪು ತುದಿಯನ್ನು ಬ್ಯಾಟರಿಯ ನೆಗೆಟಿವ್‌ನಲ್ಲಿ, ಕೆಂಪು ತುದಿಯನ್ನು ಕೆಳಗಿನ ರೆಸಿಸ್ಟರ್‌ನ ಮೇಲ್ತುದಿಯಲ್ಲಿ ಇಡಿ. 3 ವೋಲ್ಟ್ ಸುತ್ತಮುತ್ತ ಬರಬೇಕು. 6 ಬಂದರೆ ನೀವು ಒಂದು ಕೀಲು ಮೇಲೆ ಅಳೆಯುತ್ತಿದ್ದೀರಿ. ಸೊನ್ನೆ ಬಂದರೆ ಕೆಳಗಿನದು ಶಾರ್ಟ್ ಆಗಿದೆ ಅಥವಾ ಮೇಲೆ ಎಲ್ಲೋ ಸಂಪರ್ಕ ತಪ್ಪಿದೆ. ಪೂರ್ತಿ 9 ಬಂದರೆ ಕೆಳಗಿನ ರೆಸಿಸ್ಟರ್‌ನ ಸಂಪರ್ಕ ಬಿಟ್ಟುಹೋಗಿದೆ, ಅಥವಾ ಮೇಲಿನ ಎರಡೂ ಶಾರ್ಟ್ ಆಗಿವೆ.

ಕೆಂಪು ವೈರ್ ಆಂಪಿಯರ್ ಸಾಕೆಟ್‌ನಲ್ಲಿ ಉಳಿದಿಲ್ಲವಷ್ಟೇ ಎಂದು ಪ್ರತಿಸಲವೂ ನೋಡಿಕೊಳ್ಳಿ. ಆ ಸ್ಥಿತಿಯಲ್ಲಿ ಮೀಟರ್ ಬಹುಮಟ್ಟಿಗೆ ಬರೀ ತಂತಿ. ಬ್ಯಾಟರಿಯ ಎರಡು ತುದಿಗೆ ಹಿಡಿದರೆ ಒಳಗಿನ ಫ್ಯೂಸ್ ಹೋಗಬಹುದು. ಗೋಡೆಯ ಸಾಕೆಟ್‌ನ ವಿದ್ಯುತ್ ಮೇಲಂತೂ ಈ ಪ್ರಯೋಗ ಬೇಡವೇ ಬೇಡ. ಡಿವೈಡರ್ ವೋಲ್ಟೇಜನ್ನು ಇಳಿಸುತ್ತದೆ, ಆದರೆ ಮುಖ್ಯ ಲೈನಿನಿಂದ ನಿಮ್ಮನ್ನು ಬೇರ್ಪಡಿಸುವುದಿಲ್ಲ.

ಸರಿಯಾಗಿ ಜೋಡಿಸಿದರೂ ಉತ್ತರ ನಿಖರವಾಗಿ 3 ಬರುವುದಿಲ್ಲ. ಕೊನೆಯ ಪಟ್ಟಿ ಚಿನ್ನದ ಬಣ್ಣದ್ದಾದರೆ ರೋಧ ಶೇಕಡಾ 5ರಷ್ಟು ಹೆಚ್ಚುಕಡಿಮೆ ಇರಬಹುದು. ತೀರ ಕೆಟ್ಟ ಸಂದರ್ಭದಲ್ಲಿ ಮೇಲಿನದು 21, ಕೆಳಗಿನದು 9.5 ಕಿಲೋ ಓಮ್ ಆದರೆ 2.80 ವೋಲ್ಟ್, ಮೇಲಿನದು 19, ಕೆಳಗಿನದು 10.5 ಆದರೆ 3.20 ವೋಲ್ಟ್. ಶೇಕಡಾ 1ರ ರೆಸಿಸ್ಟರ್‌ಗಳಾದರೆ ಈ ಹರವು 2.96ರಿಂದ 3.04ಕ್ಕೆ ಇಳಿಯುತ್ತದೆ. ಪ್ರಯೋಗದ ವರದಿಯಲ್ಲಿ ‘ಮಾನವ ದೋಷ’ ಎಂದು ಬರೆದು ಕೈತೊಳೆದುಕೊಳ್ಳುವ ಬದಲು ಈ ಲೆಕ್ಕ ಬರೆಯಿರಿ. ಮೊದಲ ಹಂತದಲ್ಲಿ ಅಳೆದಿಟ್ಟ ರೋಧಗಳನ್ನು ಸೂತ್ರಕ್ಕೆ ಹಾಕಿದರೆ ವ್ಯತ್ಯಾಸದ ಬಹುಪಾಲು ಅಲ್ಲೇ ಕರಗುತ್ತದೆ.

ಲೋಡ್ ಜೋಡಿಸಿದಾಗ ಆಗುವುದು

ಮುಖ್ಯ ವಿಷಯ ಇಲ್ಲಿಂದ ಶುರು. ಉಳಿದ ನಾಲ್ಕನೇ 10 ಕಿಲೋ ಓಮ್ ರೆಸಿಸ್ಟರನ್ನು ನಡುಬಿಂದುವಿನಿಂದ ನೆಗೆಟಿವ್‌ಗೆ ಜೋಡಿಸಿ. ಇದೇ ನಮ್ಮ ಲೋಡ್, ಅಂದರೆ 3 ವೋಲ್ಟನ್ನು ಬಳಸಿಕೊಳ್ಳಲು ಬಂದ ಉಪಕರಣ. ಮೀಟರ್ ತಟ್ಟನೆ 1.8 ವೋಲ್ಟ್‌ಗೆ ಇಳಿಯುತ್ತದೆ.

ಕಾರಣ ಸರಳ. ಲೋಡ್ ಕೆಳಗಿನ ರೆಸಿಸ್ಟರ್‌ಗೆ ಸಮಾಂತರವಾಗಿ ಕೂತಿದೆ. ಎರಡು 10 ಕಿಲೋ ಓಮ್ ಸಮಾಂತರವಾದರೆ 5 ಕಿಲೋ ಓಮ್. ಈಗ ಸೂತ್ರದಲ್ಲಿ ಕೆಳಗಿನ ರೋಧ 10 ಅಲ್ಲ, 5: 9 × 5 ÷ 25 = 1.8. ಲೋಡ್ ಬದಲಿಸುತ್ತ ಹೋಗಿ. 100 ಕಿಲೋ ಓಮ್ ಇಟ್ಟರೆ 2.81 ವೋಲ್ಟ್, 1 ಮೆಗಾ ಓಮ್ ಇಟ್ಟರೆ 2.98. 1 ಕಿಲೋ ಓಮ್ ಇಟ್ಟರೆ ಬರೀ 0.39. ಡಿವೈಡರನ್ನು ನಾವು ಮುಟ್ಟೇ ಇಲ್ಲ. ಅದರ ಮುಂದೆ ಯಾರು ಕೂತಿದ್ದಾರೆ ಎನ್ನುವುದರ ಮೇಲೆ ಅದರ ವೋಲ್ಟೇಜ್ ನಿಂತಿದೆ.

ಪ್ರತಿ ಲೋಡ್‌ಗೂ ಸಮಾಂತರ ರೋಧ ಲೆಕ್ಕ ಹಾಕುವ ಶ್ರಮವನ್ನು ಥೆವೆನಿನ್ ಪ್ರಮೇಯ ಉಳಿಸುತ್ತದೆ. ಹರ್ಮನ್ ಹೆಲ್ಮ್‌ಹೋಲ್ಟ್ಜ್ 1853ರಲ್ಲೂ ಲಿಯೋನ್ ಥೆವೆನಿನ್ 1883ರಲ್ಲೂ ಬೇರೆ ಬೇರೆಯಾಗಿ ಕಂಡುಕೊಂಡ ಮಾತಿದು. ನಡುಬಿಂದುವಿನಿಂದ ನೋಡಿದರೆ, ಬ್ಯಾಟರಿ ಮತ್ತು ಎರಡು ರೆಸಿಸ್ಟರ್ ಸೇರಿದ ಇಡೀ ಸರ್ಕ್ಯೂಟು ಒಳರೋಧವುಳ್ಳ ಒಂದೇ ಬ್ಯಾಟರಿಯಂತೆ ವರ್ತಿಸುತ್ತದೆ. ಆ ಬ್ಯಾಟರಿಯ ವೋಲ್ಟೇಜ್ ಲೋಡ್ ಇಲ್ಲದಾಗಿನ 3 ವೋಲ್ಟ್. ಅದರ ಒಳರೋಧ ಮೇಲಿನ ಮತ್ತು ಕೆಳಗಿನ ರೋಧಗಳ ಸಮಾಂತರ ಮೊತ್ತ: 20 × 10 ÷ 30 = 6.67 ಕಿಲೋ ಓಮ್.

ಸರಣಿಯಲ್ಲಿದ್ದ ರೆಸಿಸ್ಟರ್‌ಗಳು ಇದ್ದಕ್ಕಿದ್ದಂತೆ ಸಮಾಂತರ ಹೇಗಾದವು ಎಂಬ ಪ್ರಶ್ನೆ ಬರಬೇಕು, ಅದು ಒಳ್ಳೆಯ ಪ್ರಶ್ನೆ. ಬ್ಯಾಟರಿಯ ಕಡೆಯಿಂದ ನೋಡಿದರೆ ಅವು ಸರಣಿಯೇ. ಆದರೆ ನಡುಬಿಂದುವಿನಲ್ಲಿ ನಿಂತು ನೋಡಿದರೆ ನೆಗೆಟಿವ್ ತುದಿಗೆ ಎರಡು ದಾರಿಗಳಿವೆ: ಒಂದು ನೇರ ಕೆಳಗೆ, ಇನ್ನೊಂದು ಮೇಲೆ ಹತ್ತಿ ಬ್ಯಾಟರಿಯನ್ನು ಹಾದು. ಆದರ್ಶ ಬ್ಯಾಟರಿಯ ಒಳರೋಧ ಸೊನ್ನೆಯಾದ್ದರಿಂದ ಎರಡನೇ ದಾರಿಯಲ್ಲಿ ಎದುರಾಗುವುದು ಮೇಲಿನ ರೆಸಿಸ್ಟರ್ ಒಂದೇ. ಎರಡು ದಾರಿಗಳೆಂದರೆ ಸಮಾಂತರ.

ಇದನ್ನು ಕೈಯಾರೆ ಪರೀಕ್ಷಿಸಬಹುದು. 10 ಕಿಲೋ ಓಮ್ ಪೊಟೆನ್ಶಿಯೋಮೀಟರ್‌ನ ನಡುಕಾಲು ಮತ್ತು ಒಂದು ತುದಿಕಾಲನ್ನು ಮಾತ್ರ ಬಳಸಿ ಅದನ್ನು ಲೋಡ್ ಆಗಿ ಜೋಡಿಸಿ. ಹೊರ ವೋಲ್ಟೇಜ್ 3ರಿಂದ ಸರಿಯಾಗಿ 1.5ಕ್ಕೆ ಇಳಿಯುವವರೆಗೆ ತಿರುಗಿಸಿ. ಈಗ ಅದನ್ನು ಬೋರ್ಡಿನಿಂದ ಕಿತ್ತು ಓಮ್ ಮಾಪನದಲ್ಲಿ ಅಳೆದರೆ 6.7 ಕಿಲೋ ಓಮ್ ಹತ್ತಿರ ಬರುತ್ತದೆ. ವೋಲ್ಟೇಜ್ ಅರ್ಧವಾಯಿತೆಂದರೆ ಲೋಡ್ ಮತ್ತು ಒಳರೋಧ ಸಮನಾದವು ಎಂದರ್ಥ. ಕಣ್ಣಿಗೆ ಕಾಣದ ರೋಧವೊಂದನ್ನು ಹೀಗೆ ಹಿಡಿದು ಅಳೆಯುವುದು ಭೌತಶಾಸ್ತ್ರದ ನಿಜವಾದ ಸೊಗಸು. ಕಿತ್ತು ಅಳೆಯಿರಿ ಎಂದದ್ದು ಸುಮ್ಮನಲ್ಲ: ಸರ್ಕ್ಯೂಟ್‌ನೊಳಗೆ ಇದ್ದಂತೆಯೇ ಅಳೆದರೆ ಉಳಿದ ರೆಸಿಸ್ಟರ್‌ಗಳೂ ಬ್ಯಾಟರಿಯೂ ಸೇರಿಕೊಂಡು ಅಳತೆ ಕೆಡುತ್ತದೆ.

ಮೀಟರ್ ಕೂಡ ಒಂದು ಲೋಡ್

1 ಮೆಗಾ ಓಮ್‌ನ ಎರಡು ರೆಸಿಸ್ಟರ್‌ಗಳಿಂದ ಡಿವೈಡರ್ ಮಾಡಿ 9 ವೋಲ್ಟ್ ಕೊಡಿ. ಉತ್ತರ 4.5 ಆಗಬೇಕು. ಮೀಟರ್ ತೋರಿಸುವುದು 4.29ರ ಸುತ್ತ. ಹೆಚ್ಚಿನ ಡಿಜಿಟಲ್ ಮೀಟರ್‌ಗಳ ಒಳರೋಧ 10 ಮೆಗಾ ಓಮ್. ಅದು ಕೆಳಗಿನ 1 ಮೆಗಾ ಓಮ್‌ಗೆ ಸಮಾಂತರವಾಗಿ ಕೂತು ಅದನ್ನು 0.909ಕ್ಕೆ ಇಳಿಸುತ್ತದೆ. ನಿಮ್ಮ ಮೀಟರ್‌ನ ಒಳರೋಧ 1 ಮೆಗಾ ಓಮ್ ಆಗಿದ್ದರೆ ಸರಿಯಾಗಿ 3 ವೋಲ್ಟ್ ಕಾಣುತ್ತದೆ. ಪ್ರತಿ ವೋಲ್ಟ್‌ಗೆ 20 ಕಿಲೋ ಓಮ್ ಸೂಕ್ಷ್ಮತೆಯ ಮುಳ್ಳಿನ ಮೀಟರನ್ನು 10 ವೋಲ್ಟ್ ವ್ಯಾಪ್ತಿಯಲ್ಲಿಟ್ಟರೆ ಅದರ ರೋಧ 200 ಕಿಲೋ ಓಮ್ ಅಷ್ಟೇ, ಅದು 1.29 ತೋರಿಸುತ್ತದೆ. ಮೂರು ಮೀಟರ್, ಮೂರು ಉತ್ತರ. ಯಾವ ಮೀಟರೂ ಸುಳ್ಳು ಹೇಳುತ್ತಿಲ್ಲ, ತಾನು ಕೂತ ಮೇಲೆ ಅಲ್ಲಿ ನಿಜವಾಗಿ ಇರುವ ವೋಲ್ಟೇಜನ್ನೇ ತೋರಿಸುತ್ತಿದೆ.

ಇದನ್ನೇ ತಿರುಗಿಸಿ ನಿಮ್ಮ ಮೀಟರ್‌ನ ಒಳರೋಧವನ್ನು ಕಂಡುಹಿಡಿಯಬಹುದು. 1 ಮೆಗಾ ಓಮ್ ರೆಸಿಸ್ಟರ್ ಒಂದನ್ನೇ ಮೀಟರ್‌ನ ಜೊತೆ ಸರಣಿಯಲ್ಲಿ ಇಟ್ಟು ಬ್ಯಾಟರಿ ಅಳೆಯಿರಿ. 9 ವೋಲ್ಟ್ ಬದಲು 8.18 ಬಂದರೆ ಮೀಟರ್ 10 ಮೆಗಾ ಓಮ್‌ನದು, 4.5 ಬಂದರೆ 1 ಮೆಗಾ ಓಮ್‌ನದು.

ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪಿನ ಹತ್ತು ಪಟ್ಟು ಪ್ರೋಬ್ (ಅಳೆಯುವ ತುದಿ) ಈ ತೊಂದರೆಯನ್ನೇ ಉಪಾಯವಾಗಿ ಮಾಡಿಕೊಂಡಿದೆ. ಪ್ರೋಬ್‌ನೊಳಗೆ 9 ಮೆಗಾ ಓಮ್, ಸ್ಕೋಪಿನೊಳಗೆ 1 ಮೆಗಾ ಓಮ್. ಹತ್ತರಲ್ಲಿ ಒಂದು ಪಾಲು ಮಾತ್ರ ಸ್ಕೋಪಿಗೆ ಹೋಗುತ್ತದೆ, ಬದಲಿಗೆ ಸರ್ಕ್ಯೂಟ್‌ನ ಮೇಲಿನ ಹೊರೆ ಹತ್ತು ಪಟ್ಟು ಹಗುರಾಗುತ್ತದೆ.

ರೋಧಗಳನ್ನು ಆರಿಸುವುದು

ಹಾಗಿದ್ದರೆ ಚಿಕ್ಕ ರೋಧಗಳನ್ನೇ ಬಳಸಿಬಿಡೋಣ, ಲೋಡ್‌ನ ಕಾಟ ಇರುವುದಿಲ್ಲ ಎನ್ನಿಸುತ್ತದೆ. 10 ಓಮ್‌ನ ಎರಡು ರೆಸಿಸ್ಟರ್ ಇಟ್ಟು 9 ವೋಲ್ಟ್ ಕೊಟ್ಟರೆ ಲೆಕ್ಕದಂತೆ 450 ಮಿಲಿಆಂಪಿಯರ್ ಹರಿದು ಒಂದೊಂದರಲ್ಲೂ 2 ವ್ಯಾಟ್ ಶಾಖವಾಗುತ್ತದೆ. ಕಾಲು ವ್ಯಾಟ್‌ನದು ಸುಟ್ಟೇ ಹೋಗುತ್ತದೆ. 100 ಓಮ್‌ನವಾದರೂ ತಲಾ 0.2 ವ್ಯಾಟ್; ಮುಟ್ಟಿದರೆ ಬಿಸಿ, ಬ್ಯಾಟರಿಯೂ ಬೇಗ ಖಾಲಿ. ತುಂಬಾ ದೊಡ್ಡ ರೋಧಗಳನ್ನು ಇಟ್ಟರೆ ಬ್ಯಾಟರಿ ಉಳಿಯುತ್ತದೆ, ಆದರೆ ಮೀಟರ್ ಮುಟ್ಟಿದರೂ ವೋಲ್ಟೇಜ್ ಕುಸಿಯುತ್ತದೆ.

ರೂಢಿಯ ನಿಯಮವೊಂದಿದೆ: ಲೋಡ್ ಎಳೆಯುವ ಕರೆಂಟ್‌ನ ಹತ್ತು ಪಟ್ಟು ಡಿವೈಡರ್‌ನಲ್ಲಿ ಹರಿಯುವಂತೆ ರೋಧಗಳನ್ನು ಆರಿಸಿ. ಲೋಡ್ ಬಂದಾಗ ವೋಲ್ಟೇಜ್ ಶೇಕಡಾ 10ಕ್ಕಿಂತ ಹೆಚ್ಚು ಕುಸಿಯುವುದಿಲ್ಲ.

ಈ ನಿಯಮವನ್ನು ಹಿಡಿದು 200 ಮಿಲಿಆಂಪಿಯರ್ ಎಳೆಯುವ 3 ವೋಲ್ಟ್ ಮೋಟಾರನ್ನು 9 ವೋಲ್ಟ್‌ನಿಂದ ಓಡಿಸಲು ಹೊರಡಿ. ಕೆಳಗಿನ ರೆಸಿಸ್ಟರ್‌ನಲ್ಲಿ 2 ಆಂಪಿಯರ್ ಬೇಕು, ಅದರ ರೋಧ 1.5 ಓಮ್. ಮೇಲಿನದರಲ್ಲಿ ಲೋಡಿನ ಪಾಲೂ ಸೇರಿ 2.2 ಆಂಪಿಯರ್, ರೋಧ 2.7 ಓಮ್‌ನಷ್ಟು. ಒಟ್ಟು 19.8 ವ್ಯಾಟ್ ಖರ್ಚು, ಅದರಲ್ಲಿ ಮೋಟಾರಿಗೆ ಸಿಗುವುದು 0.6 ವ್ಯಾಟ್. ಚಿಕ್ಕ 9 ವೋಲ್ಟ್ ಬ್ಯಾಟರಿ ಅಷ್ಟು ಕರೆಂಟನ್ನು ಕೊಡಲಾರದು ಕೂಡ. ಆದ್ದರಿಂದ ಡಿವೈಡರನ್ನು ಪವರ್ ಸಪ್ಲೈ ಎಂದು ಬಳಸಬೇಡಿ; ಆ ಕೆಲಸಕ್ಕೆ ವೋಲ್ಟೇಜ್ ರೆಗ್ಯುಲೇಟರ್ ಇದೆ. ಡಿವೈಡರ್ ಇರುವುದು ಸಿಗ್ನಲ್‌ಗಾಗಿ, ಅಂದರೆ ಬಹುತೇಕ ಕರೆಂಟ್ ಎಳೆಯದೆ ವೋಲ್ಟೇಜನ್ನು ಓದಿಕೊಳ್ಳುವ ಉಪಕರಣಗಳಿಗಾಗಿ.

ತಿರುಗಿಸುವ ಡಿವೈಡರ್

ಪೊಟೆನ್ಶಿಯೋಮೀಟರ್‌ನ ಎರಡು ತುದಿಕಾಲುಗಳ ನಡುವೆ ಪೂರ್ತಿ ರೋಧವಿರುತ್ತದೆ. ನಡುಕಾಲು ಅದರ ಮೇಲೆ ಜಾರುತ್ತದೆ. ತುದಿಕಾಲುಗಳಿಗೆ ಬ್ಯಾಟರಿ, ನಡುಕಾಲಿನಿಂದ ಹೊರ ವೋಲ್ಟೇಜ್: ಸೊನ್ನೆಯಿಂದ 9ರವರೆಗೂ ಸಿಗುತ್ತದೆ. ಅದನ್ನೇ ಎರಡು ಕಾಲುಗಳಿಂದ ರಿಯೋಸ್ಟಾಟ್ (ಬದಲಿಸಬಲ್ಲ ರೋಧ) ಆಗಿ 10 ಕಿಲೋ ಓಮ್ ಲೋಡ್‌ಗೆ ಸರಣಿಯಲ್ಲಿ ಇಟ್ಟರೆ ಲೋಡ್ ವೋಲ್ಟೇಜ್ 9ರಿಂದ 4.5ರವರೆಗೆ ಮಾತ್ರ ಇಳಿಯುತ್ತದೆ, ಸೊನ್ನೆ ಮುಟ್ಟುವುದೇ ಇಲ್ಲ. ಇವೆರಡರ ವ್ಯತ್ಯಾಸ ಕೇಳುವ ಪ್ರಶ್ನೆಗೆ ಇದೇ ತಿರುಳು.

ನಡುಕಾಲು ಮತ್ತು ಒಂದು ತುದಿಕಾಲನ್ನು ಮರೆತೂ ನೇರ ಬ್ಯಾಟರಿಗೆ ಕೊಡಬೇಡಿ. ಗುಂಡಿಯನ್ನು ಆ ತುದಿಗೆ ತಿರುಗಿಸಿದಾಗ ರೋಧ ಸೊನ್ನೆಯತ್ತ ಹೋಗಿ ಒಳಗಿನ ಕಾರ್ಬನ್ ಪಟ್ಟಿ ಸುಡುತ್ತದೆ.

ಬೆಳಕನ್ನು ವೋಲ್ಟೇಜ್ ಮಾಡುವುದು

ಒಂದು ರೆಸಿಸ್ಟರ್ ಜಾಗದಲ್ಲಿ ಎಲ್‌ಡಿಆರ್ (ಬೆಳಕು ಹೆಚ್ಚಿದಂತೆ ರೋಧ ಇಳಿಯುವ ರೆಸಿಸ್ಟರ್) ಇಟ್ಟರೆ ಬೆಳಕು ಬದಲಾದಂತೆ ಹೊರ ವೋಲ್ಟೇಜ್ ಬದಲಾಗುತ್ತದೆ. ಎಲ್‌ಡಿಆರ್ ಮೇಲಿದ್ದರೆ ಬೆಳಕು ಹೆಚ್ಚಿದಾಗ ವೋಲ್ಟೇಜ್ ಏರುತ್ತದೆ, ಕೆಳಗಿದ್ದರೆ ಇಳಿಯುತ್ತದೆ. ಬಿಸಿಗೆ ತಕ್ಕಂತೆ ರೋಧ ಬದಲಾಗುವ ಥರ್ಮಿಸ್ಟರ್‌ಗೂ ಇದೇ ತರ್ಕ.

ಜೊತೆಗಿಡುವ ಸ್ಥಿರ ರೆಸಿಸ್ಟರ್ ಎಷ್ಟಿರಬೇಕು ಎನ್ನುವುದನ್ನು ಹಲವರು ಅಂದಾಜಿಗೆ ಬಿಡುತ್ತಾರೆ. ಅಂದಾಜು ಬೇಕಿಲ್ಲ. ನಿಮ್ಮ ಎಲ್‌ಡಿಆರ್ ಬೆಳಕಿನಲ್ಲಿ 1 ಕಿಲೋ ಓಮ್, ಕತ್ತಲಲ್ಲಿ 100 ಕಿಲೋ ಓಮ್ ತೋರಿಸಿತು ಎನ್ನಿ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ: 10 ಕಿಲೋ ಓಮ್. ಎಲ್‌ಡಿಆರ್ ಮೇಲಿಟ್ಟು 5 ವೋಲ್ಟ್ ಕೊಟ್ಟರೆ ಹೊರ ವೋಲ್ಟೇಜ್ 0.45ರಿಂದ 4.55ರವರೆಗೆ ಓಡಾಡುತ್ತದೆ, 4.1 ವೋಲ್ಟ್ ಹರವು. ಬದಲಿಗೆ 1 ಕಿಲೋ ಓಮ್ ಇಟ್ಟರೂ 100 ಕಿಲೋ ಓಮ್ ಇಟ್ಟರೂ ಹರವು 2.45ಕ್ಕೆ ಕುಗ್ಗುತ್ತದೆ. ಎರಡು ಕೊನೆಗಳ ವೋಲ್ಟೇಜ್ ವ್ಯತ್ಯಾಸವನ್ನು ಸ್ಥಿರ ರೋಧಕ್ಕೆ ಅವಕಲಿಸಿ ಸೊನ್ನೆಗೆ ಸಮೀಕರಿಸಿದರೆ ಈ ವರ್ಗಮೂಲ ತಾನಾಗಿ ಬರುತ್ತದೆ. ಕಲನಶಾಸ್ತ್ರ ಕಲಿಯುತ್ತಿರುವವರು ಇದನ್ನು ತಾವೇ ಮಾಡಿ ನೋಡಬೇಕು.

ಷರತ್ತು ಪೂರ್ತಿ ಈಡೇರುವ ಜಾಗ

ಪ್ರಯೋಗಾಲಯದ ಉದ್ದ ತಂತಿಯ ಪೊಟೆನ್ಶಿಯೋಮೀಟರ್ ಕೂಡ ಡಿವೈಡರ್ರೇ. ಏಕರೂಪದ ತಂತಿಯಲ್ಲಿ ರೋಧ ಉದ್ದಕ್ಕೆ ಅನುಪಾತದಲ್ಲಿರುವುದರಿಂದ ಇಲ್ಲಿ ಓಮ್‌ಗಳ ಬದಲು ಸೆಂಟಿಮೀಟರ್‌ಗಳಲ್ಲಿ ಅಳೆಯುತ್ತೇವೆ. 4 ಮೀಟರ್ ತಂತಿಯ ತುದಿಗಳ ನಡುವೆ 2 ವೋಲ್ಟ್ ಇದ್ದರೆ ಪ್ರತಿ ಸೆಂಟಿಮೀಟರ್‌ಗೆ 5 ಮಿಲಿವೋಲ್ಟ್. 1.1 ವೋಲ್ಟ್‌ನ ಡೇನಿಯಲ್ ಕೋಶ (ಒಂದು ಬಗೆಯ ಬ್ಯಾಟರಿ) 220 ಸೆಂಟಿಮೀಟರ್‌ನಲ್ಲಿ ಸಮತೋಲನಕ್ಕೆ ಬರುತ್ತದೆ. ಆ ಬಿಂದುವಿನಲ್ಲಿ ಗ್ಯಾಲ್ವನೋಮೀಟರ್ (ಸಣ್ಣ ಕರೆಂಟನ್ನೂ ತೋರಿಸುವ ಮುಳ್ಳಿನ ಮೀಟರ್) ಸೊನ್ನೆ ತೋರಿಸುತ್ತದೆ, ಅಂದರೆ ತಂತಿಯಿಂದಲೂ ಕೋಶದಿಂದಲೂ ಕರೆಂಟ್ ಎಳೆದಿಲ್ಲ. ಲೋಡ್ ಇಲ್ಲದ ಡಿವೈಡರ್ ಎಂಬ ಷರತ್ತು ಇಲ್ಲಿ ಸರಿಸುಮಾರಲ್ಲ, ನಿಜವಾಗಿಯೇ ಈಡೇರುತ್ತದೆ. ವೋಲ್ಟ್‌ಮೀಟರ್ ಎಷ್ಟೇ ಒಳ್ಳೆಯದಾದರೂ ಸ್ವಲ್ಪ ಕರೆಂಟ್ ಎಳೆದು ಕೋಶದ ಇಎಂಎಫ್‌ಗಿಂತ (ಕರೆಂಟ್ ಎಳೆಯದಿದ್ದಾಗಿನ ವೋಲ್ಟೇಜ್‌ಗಿಂತ) ತುಸು ಕಡಿಮೆಯನ್ನೇ ಓದುತ್ತದೆ. 1841ರಲ್ಲಿ ಯೋಹಾನ್ ಪೊಗೆಂಡಾರ್ಫ್ ವಿವರಿಸಿದ ಈ ಸಮತೋಲನ ವಿಧಾನಕ್ಕೆ ಆ ಕೊರತೆ ಇಲ್ಲ.

ಜಾಕಿಯನ್ನು (ತಂತಿಯ ಮೇಲೆ ಒತ್ತುವ ಲೋಹದ ಸಂಪರ್ಕ ತುದಿಯನ್ನು) ತಂತಿಯ ಎರಡೂ ತುದಿಗಳಲ್ಲಿ ಒತ್ತಿದಾಗ ಮುಳ್ಳು ಒಂದೇ ಕಡೆಗೆ ವಾಲಿದರೆ ಸಮತೋಲನ ಬಿಂದು ಸಿಗುವುದಿಲ್ಲ. ಇದಕ್ಕೆ ಸಾಮಾನ್ಯವಾಗಿ ಮೂರು ಕಾರಣ, ಮೂರನ್ನೂ ಮುಳ್ಳೇ ಬೇರ್ಪಡಿಸಿ ಹೇಳುತ್ತದೆ. ಕೋಶದ ಪಾಸಿಟಿವ್ ಸೇರಿದ ತುದಿಯಿಂದ ಶುರುಮಾಡಿ ಜಾಕಿಯನ್ನು ಎತ್ತಿ ಎತ್ತಿ ಇಡುತ್ತ ಹೋಗಿ. ಉಜ್ಜಿಕೊಂಡು ಹೋದರೆ ತಂತಿ ಸವೆದು ಏಕರೂಪತೆ ಕೆಡುತ್ತದೆ. ವಾಲುವಿಕೆ ಕಡಿಮೆಯಾಗುತ್ತ ಹೋಗಿ ಸೊನ್ನೆ ಮುಟ್ಟುವ ಮೊದಲೇ ತಂತಿ ಮುಗಿದರೆ, ತಂತಿಯ ಮೇಲಿನ ವೋಲ್ಟೇಜ್ ಕೋಶದ ಇಎಂಎಫ್‌ಗಿಂತ ಕಡಿಮೆಯಿದೆ. ಮುಖ್ಯ ಸರ್ಕ್ಯೂಟ್‌ನ ರಿಯೋಸ್ಟಾಟ್ ರೋಧವನ್ನು ತಗ್ಗಿಸಿ. ವಾಲುವಿಕೆ ಹೆಚ್ಚುತ್ತ ಹೋದರೆ ಕೋಶ ಅಥವಾ ಮುಖ್ಯ ಬ್ಯಾಟರಿ ತಿರುವುಮುರುವಾಗಿದೆ. ಇಬ್ಬರ ಪಾಸಿಟಿವ್‌ಗಳನ್ನೂ ಒಂದೇ ತುದಿಗೆ ತನ್ನಿ. ತಂತಿಯುದ್ದಕ್ಕೂ ವಾಲುವಿಕೆ ಹೆಚ್ಚುಕಡಿಮೆ ಒಂದೇ ಸಮ ಇದ್ದರೆ ತಂತಿಯಲ್ಲಿ ಕರೆಂಟೇ ಹರಿಯುತ್ತಿಲ್ಲ. ಮುಖ್ಯ ಬ್ಯಾಟರಿಯ ಕೀ ಹಾಕಿದೆಯೇ, ಸ್ಕ್ರೂಗಳು ಬಿಗಿಯಾಗಿವೆಯೇ, ತಂತಿ ತುದಿಗಳಲ್ಲಿ ಕಿಲುಬು ಹಿಡಿದಿದೆಯೇ ನೋಡಿ, ಮರಳುಕಾಗದದಿಂದ ಉಜ್ಜಿ ಮತ್ತೆ ಜೋಡಿಸಿ.